ಹರಿಹರದ ನಾರು, ದೆಹಲಿಯ ಬೇಲಿ

ಭಾಗ 1

ದಾವಣಗೆರೆ ಅಂದ್ರೆ ಬೆಣ್ಣೆ ದೋಸೆ ಫೋಟೋ ಹಾಕಬೇಕು ಅನ್ನೋದು ಈ ಆ್ಯಪಿನ ಅಲಿಖಿತ ಕಾನೂನು. ಇವತ್ತು ದೋಸೆ ಇಲ್ಲ. ಫೋಟೋದಲ್ಲಿರೋದು ತಕ್ಕಡಿ ಮೇಲೆ ಒಂದು ಹಿಡಿ ನಟ್ಟು-ಬೋಲ್ಟು. ಪಕ್ಕದಲ್ಲಿ ಒಂದು ಹಿಡಿ ಬಿಳಿ ನಾರು. ನೋಡೋಕೆ ಹತ್ತಿಯ ಹಾಗಿದೆ, ಆದರೆ ಹತ್ತಿ ಅಲ್ಲ, ಮರದಿಂದ ಮಾಡಿದ್ದು. ನೀವು ಹಾಕ್ಕೊಂಡಿರೋ ಕುರ್ತಾದ ಲೇಬಲ್ ತಿರುಗಿಸಿ ನೋಡಿ, 'ವಿಸ್ಕೋಸ್' ಅಥವಾ 'ರೇಯಾನ್' ಅಂತ ಇದ್ದರೆ ಇದೇ ಅದು.

ಬೋಲ್ಟಿಗೂ ನಾರಿಗೂ ಏನು ಸಂಬಂಧ ಅಂತೀರಾ? ಎರಡೂ ಹೊರದೇಶದಿಂದ ಅಗ್ಗವಾಗಿ ಬರುತ್ತವೆ. ಎರಡಕ್ಕೂ ಯಾವುದೋ ಒಂದು ಸರ್ಕಾರ 'ಇದು ಅನ್ಯಾಯದ ಅಗ್ಗ' ಅಂತ ತನಿಖೆ ನಡೆಸಿ ಸುಂಕದ ಬೇಲಿ ಹಾಕಿದೆ. ಅದರ ಹೆಸರು ಆ್ಯಂಟಿ ಡಂಪಿಂಗ್ ಸುಂಕ. ಪೇಪರಿನ ವಾಣಿಜ್ಯ ಪುಟದಲ್ಲಿ ಎರಡು ಸಾಲು ಬರುತ್ತೆ, ನಾವು ಪುಟ ತಿರುಗಿಸ್ತೀವಿ. ಆದರೆ ಆ ಎರಡು ಸಾಲಿನ ಹಿಂದೆ ನಮ್ಮ ಹರಿಹರದ ಹೊಳೆ ದಂಡೆಯ ಐವತ್ತು ವರ್ಷದ ಕಥೆ ಇದೆ. ಬೇಲಿ ಯಾರಿಗೆ ಸಿಗುತ್ತೆ, ಅದರ ಕೂಲಿ ಯಾರು ಕೊಡ್ತಾರೆ ಅನ್ನೋದು ಈ ಸರಣಿಯ ಪ್ರಶ್ನೆ.

ಭಾಗ 2

ಮೊದಲು ಬೋಲ್ಟು, ಯಾಕಂದ್ರೆ ತನಿಖೆ ಹೇಗೆ ನಡೆಯುತ್ತೆ ಅನ್ನೋದು ಅದರಲ್ಲಿ ಚೆನ್ನಾಗಿ ಕಾಣುತ್ತೆ.

ಡಂಪಿಂಗ್ ಅಂದರೆ ಬರೀ ಅಗ್ಗಕ್ಕೆ ಮಾರೋದಲ್ಲ. ಒಬ್ಬ ತಯಾರಕ ತನ್ನ ದೇಶದಲ್ಲಿ ಒಂದು ಮಾಲನ್ನು ನೂರು ರೂಪಾಯಿಗೆ ಮಾರಿ, ಅದೇ ಮಾಲನ್ನು ನಿಮ್ಮ ದೇಶಕ್ಕೆ ಎಂಬತ್ತಕ್ಕೆ ಕಳಿಸಿದರೆ, ಆ ಇಪ್ಪತ್ತು ರೂಪಾಯಿ ಡಂಪಿಂಗ್ ಅಂತರ. ಕಾನೂನು ಆ ನೂರು ರೂಪಾಯಿಯನ್ನು 'ಸಾಮಾನ್ಯ ಮೌಲ್ಯ' ಅನ್ನುತ್ತೆ. ಇಂಥ ಕಾನೂನನ್ನು ಮೊದಲು ಮಾಡಿದ್ದು ಕೆನಡಾ, 1904ರಲ್ಲಿ. ಈಗ ಎಲ್ಲರ ಹತ್ತಿರವೂ ಇದೆ.

2009ರ ಜನವರಿ ಕೊನೆಯಲ್ಲಿ ಯುರೋಪಿಯನ್ ಒಕ್ಕೂಟ ಚೀನಾದ ಉಕ್ಕಿನ ಬೋಲ್ಟು, ಸ್ಕ್ರೂಗಳ ಮೇಲೆ ಶೇ. 85ರವರೆಗೆ ಸುಂಕ ಹಾಕಿತು. ಇಲ್ಲೊಂದು ತಮಾಷೆ ಇದೆ. ಚೀನಾದ್ದು ಮಾರುಕಟ್ಟೆ ಅರ್ಥವ್ಯವಸ್ಥೆ ಅಲ್ಲ, ಅಲ್ಲಿನ ಬೆಲೆ ನಂಬೋಕಾಗಲ್ಲ ಅಂತ ಯುರೋಪು ಬೇರೆ ದೇಶದ ಬೆಲೆ ಹುಡುಕಿತು. ಸಿಕ್ಕಿದ್ದು ಭಾರತ. ಭಾರತದಲ್ಲೂ ಒಂದೇ ಕಂಪನಿ, ಪೂಜಾ ಫೋರ್ಜ್. ಅಂದ್ರೆ ಚೀನಾದ ಬೋಲ್ಟು ಜರ್ಮನಿಯಲ್ಲಿ ಎಷ್ಟಕ್ಕೆ ಮಾರಬೇಕು ಅಂತ ತೀರ್ಮಾನ ಆಗಿದ್ದು ನಮ್ಮ ದೇಶದ ಒಂದು ಕಾರ್ಖಾನೆಯ ದರಪಟ್ಟಿ ಮೇಲೆ!

ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು. ಆ ಭಾರತೀಯ ಬೋಲ್ಟುಗಳು ಯಾವ ಜಾತಿಯವು, ಯಾವ ಲೇಪನದವು, ಯಾವುದಕ್ಕೆ ಯಾವುದನ್ನು ಹೋಲಿಸಿದಿರಿ ಅಂತ ನಮಗೆ ಸರಿಯಾಗಿ ಹೇಳಲೇ ಇಲ್ಲ ಅನ್ನೋದು ಅದರ ದೂರುಗಳಲ್ಲೊಂದು. ಇನ್ನೊಂದು, 'ಯುರೋಪಿನ ಉದ್ಯಮ' ಅಂತ ಲೆಕ್ಕಕ್ಕೆ ತಗೊಂಡಿದ್ದು ಅಲ್ಲಿನ ಉತ್ಪಾದನೆಯ ಶೇ. 27ರಷ್ಟನ್ನು ಮಾತ್ರ ಅಂತ. 2011ರಲ್ಲಿ ಮೇಲ್ಮನವಿ ಮಂಡಳಿ ಹಲವು ವಿಷಯಗಳಲ್ಲಿ ಚೀನಾ ಪರ ನಿಂತಿತು. ಯುರೋಪು ಲೆಕ್ಕ ತಿದ್ದಿತು, ಅದೂ ಸರಿ ಇಲ್ಲ ಅಂತಾಯ್ತು, 2016ರ ಫೆಬ್ರವರಿ ಕೊನೆಗೆ ಸುಂಕ ರದ್ದಾಯ್ತು. ಮತ್ತೆ ಹೊಸ ತನಿಖೆ ಮಾಡಿ 2022ರಲ್ಲಿ ಇನ್ನೊಮ್ಮೆ ಹಾಕಿದರು, ಅದು ಬೇರೆ ಮಾತು.

ಇದರಿಂದ ಎರಡು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಒಂದು, 'ನ್ಯಾಯದ ಬೆಲೆ' ಯಾರದೋ ಗುಟ್ಟಿನ ಫೈಲಿನಿಂದ ಹುಟ್ಟುತ್ತೆ. ಎರಡು, 'ದೇಶೀಯ ಉದ್ಯಮ' ಅಂದರೆ ಯಾರು ಅನ್ನೋದರ ಮೇಲೆ ಇಡೀ ತನಿಖೆ ನಿಂತಿರುತ್ತೆ.

ಭಾಗ 3

ಈಗ ಹರಿಹರಕ್ಕೆ ಬನ್ನಿ. ರೈಲ್ವೆ ಸೇತುವೆ ಕಡೆಯಿಂದ ತೆಗೆದ ಫೋಟೋ ಇದು. ಈ ದಂಡೆ ಹರಿಹರ, ಹಳೇ ಮೈಸೂರು ಸಂಸ್ಥಾನದ ಗಡಿ. ಆಚೆ ದಂಡೆ ಮುಂಬೈ ಪ್ರಾಂತ್ಯ. ಈಗ ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ನಡುವೆ ತುಂಗಭದ್ರೆ.

ಈಚೆ ದಂಡೆಯಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು. ಲೇತ್ ಮಾಡುವ ಕಾರ್ಖಾನೆ. ಯಂತ್ರ ಮಾಡುವ ಯಂತ್ರ. ಆ ಜಾಗಕ್ಕೆ ಯಂತ್ರಾಪುರ ಅಂತಲೇ ಹೆಸರಾಯ್ತು. ಬೋಲ್ಟಿನ ಮರೆ ಕೊರೆಯೋದರಿಂದ ಹಿಡಿದು ಏನೇನೋ ಕೆಲಸಕ್ಕೆ ದೇಶದ ವರ್ಕ್‌ಶಾಪುಗಳಲ್ಲಿ ಹರಿಹರದ ಲೇತ್ ಓಡ್ತಿತ್ತು. 1991ರ ನಂತರ ಹೊರಗಿನ ಯಂತ್ರಗಳ ಮೇಲಿನ ಆಮದು ಸುಂಕ ಇಳಿಯುತ್ತಾ ಬಂತು, ಬೇಡಿಕೆ ಏರುಪೇರಾಯ್ತು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆ ಕಥೆಗೆ ಬೇರೆಯೇ ಸರಣಿ ಬೇಕು, ಬರೀತೀನಿ.

ಆಚೆ ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಶುರುವಾಯ್ತು. ಕೆಲಸ ಏನಂದ್ರೆ ಮರ ಅರೆದು ಪಲ್ಪ್ ಮಾಡೋದು. 1977ರಲ್ಲಿ ಅದರ ಪಕ್ಕದಲ್ಲೇ ಗ್ರಾಸಿಲಿನ್ ಬಂತು, ಆ ಪಲ್ಪಿನಿಂದ ನಾರು ಮಾಡೋದು. ಎರಡೂ ಗ್ರಾಸಿಮ್ ಕಂಪನಿಯವೇ. ಪಲ್ಪನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಜೇನಿನಂಥ ದ್ರಾವಣ ಮಾಡ್ತಾರೆ. ಅದನ್ನು ಸಣ್ಣ ತೂತುಗಳ ಮೂಲಕ ಗಂಧಕಾಮ್ಲದೊಳಗೆ ಬಿಟ್ಟರೆ ಎಳೆ ಎಳೆಯಾಗಿ ಗಟ್ಟಿಯಾಗುತ್ತೆ. ಆ ಎಳೆಯನ್ನು ಹತ್ತಿಯ ಎಳೆಯಷ್ಟು ಉದ್ದಕ್ಕೆ ಕತ್ತರಿಸಿದರೆ ಅದೇ ವಿಸ್ಕೋಸ್ ಸ್ಟೇಪಲ್ ಫೈಬರ್. ವ್ಯಾಪಾರದವರು ವಿಎಸ್‌ಎಫ್ ಅಂತಾರೆ. ಇದು ನೂಲಲ್ಲ, ಬಟ್ಟೆಯೂ ಅಲ್ಲ. ನೂಲಿನ ಗಿರಣಿಗೆ ಹೋಗುವ ಕಚ್ಚಾ ಮಾಲು. ನೂಲು ತೆಗೆಯೋರು ಬೇರೆ, ನೇಯೋರು ಬೇರೆ, ಹೊಲಿಯೋರು ಬೇರೆ.

ಹರಿಹರದ ಕಡೆಯವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಗಾಳಿ ತಿರುಗಿದ ದಿನ ಬರುವ ಕೊಳೆತ ಮೊಟ್ಟೆ ವಾಸನೆ ಎಲ್ಲ ಹೇಳುತ್ತೆ.

ಭಾಗ 4

ಸುಂಕದ ಬೇಲಿಗಿಂತ ಮೊದಲು ಇನ್ನೊಂದು ಬೇಲಿ ಇತ್ತು. ಅದನ್ನು ಬಿಟ್ಟು ಈ ಕಥೆ ಹೇಳೋಕಾಗಲ್ಲ.

ಪಲ್ಪಿಗೆ ಮರ ಬೇಕು. ನೀಲಗಿರಿ ಬೇಕು, ಅದೂ ಬೇಕಾದಷ್ಟು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನೋ ಜಂಟಿ ಕಂಪನಿ ಮಾಡಿದವು. ಸರ್ಕಾರದ ಪಾಲು ಶೇ. 51, ಕಂಪನಿಯದು 49. ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್, ಅಂದ್ರೆ 75,000 ಎಕರೆಯಷ್ಟು ಜಮೀನಿನಲ್ಲಿ ನೀಲಗಿರಿ ಬೆಳೆಸೋ ಯೋಜನೆ. ಆ ಜಮೀನು ಯಾರದು? ಕಾಗದದಲ್ಲಿ ಸರ್ಕಾರದ್ದು. ಊರವರ ಬಾಯಲ್ಲಿ ಗೋಮಾಳ, ಹುಲ್ಲುಗಾವಲು, ಸೌದೆಯ ಕಾಡು.

ಅದೇ 1984ರಲ್ಲಿ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದವು. ಕಾರ್ಖಾನೆಯ ಕೆಳಗಿನ ಹಳ್ಳಿಗಳ ಮೀನುಗಾರರು ಬೀದಿಗೆ ಬಂದರು. ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯ ಈ ಹೋರಾಟವನ್ನು ಬೀದಿಯಿಂದ ನ್ಯಾಯಾಲಯದವರೆಗೂ ಒಯ್ದರು. ಗೋಮಾಳದ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೆಡುತೋಪಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಗುಂಡಿಗಳಲ್ಲೇ ಜನಕ್ಕೆ, ದನಕ್ಕೆ ಉಪಯೋಗ ಆಗೋ ಸಸಿ ನೆಟ್ಟರು. ಹೆಸರೇ 'ಕಿತ್ತಿಕೋ-ಹಚ್ಚಿಕೋ'. ಇಷ್ಟು ಚೆನ್ನಾದ ಕನ್ನಡ ಹೆಸರಿನ ಸತ್ಯಾಗ್ರಹ ಇನ್ನೊಂದು ನನಗೆ ನೆನಪಾಗ್ತಿಲ್ಲ. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚಲಾಯಿತು.

ಇದನ್ನು ಯಾಕೆ ಹೇಳಿದೆ ಅಂದ್ರೆ, ಎಂಬತ್ತರ ದಶಕದಲ್ಲಿ 'ನಾರಿನ ಬೆಲೆಯಲ್ಲಿ ನಮ್ಮ ಪಾಲೂ ಇದೆ' ಅಂತ ಹೇಳೋಕೆ ಜನಕ್ಕೆ ಒಂದು ಜಾಗ ಸಿಕ್ಕಿತು. ಹೊಲ ಇತ್ತು, ಹೊಳೆ ಇತ್ತು, ಕೋರ್ಟ್ ಇತ್ತು. ಮುಂದಿನ ಬೇಲಿ ಎದ್ದಾಗ ಅಂಥ ಜಾಗ ಇರಲಿಲ್ಲ.

ಭಾಗ 5

2008ರಲ್ಲಿ ಅಮೆರಿಕದ ಬ್ಯಾಂಕುಗಳು ಬಿದ್ದವು, ಜಗತ್ತಿನ ಜವಳಿ ಬೇಡಿಕೆಯೂ ಕುಸಿಯಿತು. ಚೀನಾ, ಇಂಡೋನೇಷ್ಯಾದ ವಿಎಸ್‌ಎಫ್ ಅಗ್ಗದ ಬೆಲೆಗೆ ಭಾರತಕ್ಕೆ ಬರತೊಡಗಿತು. ಇಲ್ಲಿನ ಕೃತಕ ನಾರು ತಯಾರಕರ ಸಂಘ ದೆಹಲಿಯ ವಾಣಿಜ್ಯ ಸಚಿವಾಲಯಕ್ಕೆ ಅರ್ಜಿ ಹಾಕಿತು. ಸಂಘ ಅಂದರೂ ಆಗ ದೇಶದಲ್ಲಿ ವಿಎಸ್‌ಎಫ್ ಮಾಡ್ತಿದ್ದ ಕಂಪನಿ ಒಂದೇ, ಗ್ರಾಸಿಮ್. ಮಧ್ಯಪ್ರದೇಶದ ನಾಗದಾ, ಗುಜರಾತಿನ ಖರಚ್, ನಮ್ಮ ಹರಿಹರ, ಎಲ್ಲ ಒಂದೇ ಮನೆಯ ಕೋಣೆಗಳು.

ನಿಯಮ ಹೀಗಿದೆ. ಅರ್ಜಿಯನ್ನು ಬೆಂಬಲಿಸುವವರು ದೇಶದ ಉತ್ಪಾದನೆಯಲ್ಲಿ ಕನಿಷ್ಠ ಶೇ. 25ರಷ್ಟನ್ನಾದರೂ ಮಾಡುವವರಾಗಿರಬೇಕು, ವಿರೋಧಿಸುವ ತಯಾರಕರಿಗಿಂತ ಅವರ ಪಾಲು ಹೆಚ್ಚಿರಬೇಕು. ಒಬ್ಬರೇ ತಯಾರಕರಿದ್ದರೆ ಈ ಪರೀಕ್ಷೆ ಪಾಸಾಗೋದು ಎಷ್ಟು ಸುಲಭ ಅಂತ ನೀವೇ ಯೋಚಿಸಿ. ನೂರಾರು ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗುವ ಬೋಲ್ಟಿನಂಥ ಮಾಲಿಗೆ ಇದೇ ದೊಡ್ಡ ತಲೆನೋವು. ಎಲ್ಲರ ಖಾತೆ ಪುಸ್ತಕ ಒಟ್ಟುಗೂಡಿಸಿ, ವಕೀಲರನ್ನಿಟ್ಟು ದೆಹಲಿಗೆ ಹೋಗೋರು ಯಾರು? ಬೇಲಿ ಬೇಗ ಸಿಗೋದು ಒಗ್ಗಟ್ಟಿದ್ದವರಿಗೆ ಅಂತಾರೆ. ನಾನಂತೂ ಒಬ್ಬಂಟಿಯಾಗಿ ದೊಡ್ಡವರಾಗಿರೋರಿಗೆ ಅಂತೀನಿ.

ಆಮೇಲೆ ಅಧಿಕಾರಿಗಳು ಮೂರು ಪ್ರಶ್ನೆ ಕೇಳ್ತಾರೆ. ಡಂಪಿಂಗ್ ಆಗಿದೆಯಾ? ದೇಶೀಯ ಉದ್ಯಮಕ್ಕೆ ಹಾನಿ ಆಗಿದೆಯಾ? ಆ ಹಾನಿ ಈ ಡಂಪಿಂಗಿನಿಂದಲೇ ಆಗಿದ್ದಾ? ಹಾನಿ ಅಳೆಯೋಕೆ ಮಾರಾಟ, ಲಾಭ, ಉತ್ಪಾದನೆ, ಮಾರುಕಟ್ಟೆ ಪಾಲು, ದಾಸ್ತಾನು, ಕೂಲಿ, ಉದ್ಯೋಗ ಎಲ್ಲದರ ಅಂಕಿ ನೋಡ್ತಾರೆ. ಸಾರ್ವಜನಿಕರಿಗೆ ಸಿಗುವ ವರದಿಯಲ್ಲಿ ಮುಖ್ಯ ಅಂಕಿಗಳ ಜಾಗದಲ್ಲಿ ಮೂರು ನಕ್ಷತ್ರ ಚಿಹ್ನೆ ಇರುತ್ತೆ, ವ್ಯಾಪಾರದ ಗುಟ್ಟು ಅಂತ. ಪೂಜಾ ಫೋರ್ಜ್ ಕಥೆ ನೆನಪಾಯ್ತಾ? ಹರಿಹರದ ಘಟಕಕ್ಕೆ ಎಷ್ಟು ಪೆಟ್ಟು ಬಿತ್ತು ಅಂತ ಹರಿಹರದವರು ಆ ವರದಿಯಿಂದ ತಿಳಿಯೋಕಾಗಲ್ಲ. ಎಲ್ಲ ಘಟಕಗಳದ್ದೂ ಒಂದೇ ಮೊತ್ತ.

2010ರ ಜುಲೈನಲ್ಲಿ ಐದು ವರ್ಷದ ಸುಂಕ ಜಾರಿಗೆ ಬಂತು. 2016ರ ಆಗಸ್ಟ್‌ನಲ್ಲಿ ಮರುಪರಿಶೀಲನೆ ಮಾಡಿ ಇನ್ನೈದು ವರ್ಷಕ್ಕೆ ಮುಂದುವರಿಸಿದರು. ಆಗಿನ ಗರಿಷ್ಠ ದರ ಕಿಲೋಗೆ ಅರ್ಧ ಡಾಲರಿನ ಆಸುಪಾಸು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸುಂಕ ಸುಮ್ಮನೆ ಹಾಕಿದ್ದಲ್ಲ. ಡಂಪಿಂಗ್ ನಿಜಕ್ಕೂ ನಡೆಯುತ್ತೆ, ಎಷ್ಟೋ ಕಾರ್ಖಾನೆ ಅದರಿಂದ ಮುಚ್ಚಿವೆ. ಕುಮಾರಪಟ್ಟಣದ ಪಾಳಿ ಕೆಲಸದ ಮೇಲೆ ಎರಡೂ ದಂಡೆಯ ಸಾವಿರಾರು ಮನೆಗಳ ಒಲೆ ಉರಿಯುತ್ತೆ. ಯಂತ್ರಾಪುರ ಬಿಕೋ ಅನ್ನೋದನ್ನು ಕಂಡ ಊರಿಗೆ ಇನ್ನೊಂದು ಗೇಟು ಮುಚ್ಚೋದು ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು.

ಭಾಗ 6

ಆದರೆ ಬೇಲಿಯ ಕೂಲಿ ಕೊಟ್ಟವರು ಯಾರು?

ವಿಎಸ್‌ಎಫ್ ಕೊಳ್ಳೋರು ನೂಲಿನ ಗಿರಣಿಯವರು, ತಮಿಳುನಾಡಿನವರು ಅದರಲ್ಲಿ ದೊಡ್ಡ ಪಾಲು. ದೇಶದಲ್ಲಿ ತಯಾರಕರು ಒಬ್ಬರೇ, ಹೊರಗಿನದಕ್ಕೆ ಸುಂಕ. ಹಾಗಾದ್ರೆ ಗಿರಣಿಯವರು ಚೌಕಾಸಿ ಮಾಡೋದು ಯಾರ ಜೊತೆ? ನಾರು ತುಟ್ಟಿಯಾದರೆ ನೂಲು ತುಟ್ಟಿ, ಅದರಿಂದ ನೇಯ್ದ ಬಟ್ಟೆಯೂ ತುಟ್ಟಿ. ಕೊನೆಗೆ ರಫ್ತಿನಲ್ಲಿ ಇಂಡೋನೇಷ್ಯಾದ ನೂಲಿನ ಎದುರು ಸೋಲು. ಗಿರಣಿಗಳ ಸಂಘಗಳು ವರ್ಷಗಟ್ಟಲೆ ಇದನ್ನೇ ಹೇಳ್ತಾ ಬಂದವು.

ತನಿಖೆಯಲ್ಲಿ ಅವರಿಗೆ ಬಾಯಿ ಇಲ್ಲ ಅಂತಲ್ಲ. ಮಾಲು ಬಳಸುವ ಉದ್ಯಮಗಳು ಲಿಖಿತವಾಗಿ ಅಭಿಪ್ರಾಯ ಕೊಡಬಹುದು. ಆದರೆ 'ಹಾನಿ' ಅನ್ನೋ ಕಾಲಂನಲ್ಲಿ ತುಂಬೋದು ತಯಾರಕರ ಅಂಕಿ ಮಾತ್ರ. ಕೊಳ್ಳುವವರ ನಷ್ಟಕ್ಕೆ ಕಾಲಂ ಇಲ್ಲ. ಯುರೋಪಿನಲ್ಲಿ ಸುಂಕ ಹಾಕೋ ಮುಂಚೆ 'ಇದು ಒಟ್ಟು ಒಕ್ಕೂಟದ ಹಿತಕ್ಕೆ ಸರಿಯಾ' ಅಂತ ಕೇಳುವ ಕಡ್ಡಾಯ ಪರೀಕ್ಷೆ ಇದೆ. ನಮ್ಮ ನಿಯಮಗಳಲ್ಲಿ ಹಾಗೆ ಕಡ್ಡಾಯವಾಗಿ ಬರೆದಿಲ್ಲ. ವಾಣಿಜ್ಯ ಸಚಿವಾಲಯ ಶಿಫಾರಸು ಮಾಡುತ್ತೆ, ಹಣಕಾಸು ಸಚಿವಾಲಯ ಒಪ್ಪಬಹುದು ಅಥವಾ ಬಿಡಬಹುದು. ಆ ಬಾಗಿಲ ಹಿಂದೆ ಏನು ತೂಗಿದರು ಅಂತ ಹೊರಗಿನವರಿಗೆ ಕಾಣಲ್ಲ.

ಹೊರಗೆ ಕಂಡಿದ್ದು ಬೇರೆ ಕಚೇರಿಯಿಂದ. 2020ರ ಮಾರ್ಚ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗ್ರಾಸಿಮ್‌ಗೆ 301.61 ಕೋಟಿ ರೂಪಾಯಿ ದಂಡ ಹಾಕಿತು. ವಿಎಸ್‌ಎಫ್ ಮಾರುಕಟ್ಟೆಯಲ್ಲಿ ತನ್ನ ಪ್ರಾಬಲ್ಯ ದುರ್ಬಳಕೆ ಮಾಡಿಕೊಂಡಿದೆ, ಗಿರಾಕಿಗಳಿಗೆ ಒಬ್ಬೊಬ್ಬರಿಗೊಂದು ಬೆಲೆ ಹಾಕಿದೆ, ನಾರನ್ನು ಎಲ್ಲಿ ಎಷ್ಟು ಬಳಸಿದಿರಿ ಅಂತ ಗಿರಣಿಗಳಿಂದ ಲೆಕ್ಕ ಕೇಳಿದೆ ಅನ್ನೋದು ಆಯೋಗದ ತೀರ್ಮಾನ. ಕಂಪನಿ ಇದನ್ನು ಒಪ್ಪದೆ ಮೇಲ್ಮನವಿ ಹೋಯಿತು.

ದಿನಾಂಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. 2020ರಲ್ಲಿ ಒಂದು ಕಚೇರಿ 'ಈ ಕಂಪನಿ ಮಾರುಕಟ್ಟೆಯ ದೊರೆ, ಗಿರಾಕಿಗಳನ್ನು ಹಿಂಡುತ್ತಿದೆ' ಅಂತು. ಅದೇ ಹೊತ್ತಿಗೆ ಇನ್ನೊಂದು ಕಚೇರಿಯ ಕಡತದಲ್ಲಿ ಅದೇ ಕಂಪನಿ ಹೊರಗಿನವರಿಂದ ಪೆಟ್ಟು ತಿನ್ನೋ ದೇಶೀಯ ಉದ್ಯಮ, ರಕ್ಷಣೆ ಬೇಕಾದವನು. ಎರಡೂ ಒಟ್ಟಿಗೆ ನಿಜ ಆಗಿರಬಹುದು, ನಾನು ಇಲ್ಲ ಅನ್ನಲ್ಲ. ಆದರೆ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿ ಓದುವ ಕೆಲಸ ಕಾನೂನು ಯಾರಿಗೂ ಒಪ್ಪಿಸಿಲ್ಲ.

ಹೊಳೆಗಂತೂ ಯಾವ ಕಡತವೂ ಇಲ್ಲ. ಕಾರ್ಖಾನೆಗೆ ಎಷ್ಟು ಖರ್ಚು ಬಿತ್ತು ಅಂತ ಲೆಕ್ಕ ಹಾಕಿ, ಅದಕ್ಕೆ ಹೊಂದುವ 'ಹಾನಿಯಾಗದ ಬೆಲೆ' ಅಂತ ಒಂದು ದರ ಕಟ್ಟುತ್ತಾರೆ. ಅದರಲ್ಲಿ ಮರದ ಬೆಲೆ ಇರುತ್ತೆ, ಆಮ್ಲದ್ದು, ಕರೆಂಟಿನದ್ದೂ ಇರುತ್ತೆ. ಕಂಪನಿ ದುಡ್ಡು ಕೊಟ್ಟಿದ್ದೆಲ್ಲ ಇರುತ್ತೆ. 1984ರ ಮೀನುಗಾರ ಕಳಕೊಂಡಿದ್ದಕ್ಕೆ, ಕುಸನೂರಿನ ಗೋಮಾಳಕ್ಕೆ ಬಿಲ್ ಇಲ್ಲ, ಹಾಗಾಗಿ ಅದು ಖರ್ಚೂ ಅಲ್ಲ. ಆಚೆ ದೇಶದ ನಾರಿನದ್ದೂ ಇದೇ ಕಥೆ ಅನ್ನಿ. ಅಲ್ಲೂ ಯಾವುದೋ ಹೊಳೆ, ಯಾವುದೋ ಕಾಡು. 'ನಿಜವಾದ ಬೆಲೆ' ಹುಡುಕುವ ತನಿಖೆ ಇದು ಅಂತಾರೆ, ಎರಡೂ ಕಡೆ ಅರ್ಧ ಬೆಲೆಯನ್ನಷ್ಟೇ ಹೋಲಿಸುತ್ತೆ.

ಭಾಗ 7

ಬೇಲಿ ರಾಜಕೀಯ ಹೊಸದೇನಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ರು, ಹತ್ತಿ ಗಿರಣಿಗಳ ಊರು ಅಂತ. ಅಸಲಿ ಮ್ಯಾಂಚೆಸ್ಟರಿನವರು ಏನು ಮಾಡಿದ್ರು ಗೊತ್ತಾ? 1896ರಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ ಬರುವ ಬಟ್ಟೆಗೆ ಶೇ. 3.5 ಆಮದು ಸುಂಕ ಇಟ್ಟಿತು. ಅದು ಭಾರತದ ಗಿರಣಿಗಳಿಗೆ ಅನುಕೂಲ ಆಗಬಾರದು ಅಂತ ಇಲ್ಲಿನ ಗಿರಣಿ ಬಟ್ಟೆಗೂ ಅಷ್ಟೇ ಶೇ. 3.5 ಅಬಕಾರಿ ಹಾಕಿತು. ಲ್ಯಾಂಕಷೈರಿನ ಒತ್ತಡ ಅಷ್ಟಿತ್ತು. ಆ ಅಬಕಾರಿ ಹೋಗೋಕೆ 1925-26ರವರೆಗೆ ಕಾಯಬೇಕಾಯ್ತು. ಆಗ ಬೇಲಿ ಕೇಳೋದು ಅಂದ್ರೆ ದೇಶಭಕ್ತಿಯ ಕೆಲಸ, ಯಾಕಂದ್ರೆ ಬೇಲಿಯೊಳಗೆ ನೂಲುವವರೂ ನೇಯುವವರೂ ಒಟ್ಟಿಗೇ ಇದ್ದರು. ಹರಿಹರದ ನಾರಿನ ಬೇಲಿ ಹಾಗಲ್ಲ. ಅದು ದೇಶದ ಒಳಗೇ ನಾರು ಮಾಡುವವನಿಗೂ ನೂಲು ತೆಗೆಯುವವನಿಗೂ ನಡುವೆ ಬಿತ್ತು. 'ದೇಶೀಯ ಉದ್ಯಮ' ಅನ್ನೋ ಒಂದೇ ಪದದಲ್ಲಿ ಇಬ್ಬರನ್ನೂ ಸೇರಿಸೋಕೆ ಆಗಲ್ಲ. ಕಾನೂನು ಸೇರಿಸೋದೂ ಇಲ್ಲ.

ಭಾಗ 8

ಮುಂದೇನಾಯ್ತು ಅಂತ ಕೇಳೋರಿಗೆ.

2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ವಿಎಸ್‌ಎಫ್ ಮೇಲಿನ ಸುಂಕ ತೆಗೆದುಹಾಕಿತು. ಹನ್ನೊಂದು ವರ್ಷದ ಬೇಲಿ ಬಿತ್ತು, ನೂಲಿನ ಗಿರಣಿಯವರು ಹಬ್ಬ ಮಾಡಿದರು. 2023ರ ಮಾರ್ಚ್ ಕೊನೆಯಲ್ಲಿ ಇನ್ನೊಂದು ಬಗೆಯ ಬೇಲಿ ಬಂತು, ಗುಣಮಟ್ಟ ನಿಯಂತ್ರಣ ಆದೇಶ. ಬಿಐಎಸ್ ಮುದ್ರೆ ಇಲ್ಲದ ವಿಎಸ್‌ಎಫ್ ಮಾರುವಂತಿಲ್ಲ, ತರಿಸುವಂತಿಲ್ಲ. ಮುದ್ರೆ ಬೇಕಂದ್ರೆ ಹೊರದೇಶದ ಕಾರ್ಖಾನೆಯೂ ಇಲ್ಲಿನ ಬಿಐಎಸ್ ಹತ್ತಿರ ಪರವಾನಗಿ ತಗೋಬೇಕು. ಸುಂಕ ಆದರೆ ಕಟ್ಟಿ ತರಿಸಬಹುದು, ಪರವಾನಗಿ ಸಿಗದಿದ್ದರೆ ತರಿಸೋದೇ ಇಲ್ಲ. ಇಲ್ಲಿ ಡಂಪಿಂಗ್ ಆಗಿದೆಯಾ, ಹಾನಿ ಆಗಿದೆಯಾ ಅಂತ ಕೇಳುವ ಗೊಡವೆಯೂ ಇಲ್ಲ. ಆ್ಯಂಟಿ ಡಂಪಿಂಗ್ ತನಿಖೆಯಲ್ಲಿ ನಕ್ಷತ್ರ ಚಿಹ್ನೆ ತುಂಬಿದ ವರದಿಯಾದರೂ ಒಂದು ಸಿಗ್ತಿತ್ತು, ಬಹಿರಂಗ ವಿಚಾರಣೆ ಅಂತ ಒಂದು ದಿನ ಇರ್ತಿತ್ತು. ಅದನ್ನು ಬೈದುಕೊಂಡೇ ಇಷ್ಟು ಭಾಗ ಬರೆದೆ, ಆದರೆ ಈ ಎರಡರಲ್ಲಿ ಒಂದು ಆರಿಸು ಅಂದ್ರೆ ನಾನು ತನಿಖೆಯನ್ನೇ ಆರಿಸ್ತೀನಿ.

ಬೋಲ್ಟಿನ ಕಡೆಯೂ ಹೀಗೇ. 2024ರ ಜನವರಿಯಲ್ಲಿ ಕೆಲವು ಬಗೆಯ ಸ್ಕ್ರೂಗಳು ಕಿಲೋಗೆ 129 ರೂಪಾಯಿಗಿಂತ ಕಡಿಮೆ ಬೆಲೆಗೆ ಆಮದಾಗುವಂತಿಲ್ಲ ಅಂತ ಕೇಂದ್ರ ಒಂದು ಗೆರೆ ಎಳೆಯಿತು. ಮುಂದಿನ ಸಲ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಕ್ರೂ ರೇಟು ಕೇಳಿ ಹುಬ್ಬೇರಿಸುವಾಗ ಅಂಗಡಿಯವರ ಮೇಲೆ ರೇಗಬೇಡಿ.

2025ರ ನವೆಂಬರ್‌ನಲ್ಲಿ ವಿಎಸ್‌ಎಫ್ ಮೇಲಿನ ಗುಣಮಟ್ಟ ಆದೇಶವನ್ನೂ ಹಿಂತೆಗೆದುಕೊಂಡರು. ಈಗ ನಾರಿಗೆ ಆ ಎರಡು ಬೇಲಿಯಲ್ಲಿ ಒಂದೂ ಇಲ್ಲ. ಕುಮಾರಪಟ್ಟಣದ ಚಿಮಣಿಯಿಂದ ಹೊಗೆ ಬರುತ್ತಲೇ ಇದೆ, ಕೊನೆಯ ಫೋಟೋ ಅದೇ.

ಕುಮಾರಪಟ್ಟಣದಲ್ಲಿ ಕೆಲಸ ಮಾಡಿದವರು, ನೂಲಿನ ಗಿರಣಿ ನಡೆಸಿದವರು, ಕಿತ್ತಿಕೋ-ಹಚ್ಚಿಕೋ ದಿನ ಕುಸನೂರಿನಲ್ಲಿದ್ದವರು ಯಾರಾದರೂ ಇದನ್ನು ಓದ್ತಿದ್ರೆ ಕೆಳಗೆ ಬರೀರಿ. ಹಳೇ ಫೋಟೋ ಇದ್ರೆ ಕಳಿಸ್ರಿ. ಮುಂದಿನ ಸರಣಿ ಯಂತ್ರಾಪುರದ ಲೇತ್‌ಗಳದ್ದು.

#ಹರಿಹರ #ಕುಮಾರಪಟ್ಟಣ #ತುಂಗಭದ್ರಾ #ದಾವಣಗೆರೆ #ಊರಿನಇತಿಹಾಸ